ನಾಲ್ಕು ವರ್ಷದ ಮಗುವಿಗೆ ವಸ್ತುಗಳನ್ನು ವಿಂಗಡಿಸುವುದನ್ನು ಹೇಗೆ ಕಲಿಸುವುದು?

ಅಡುಗೆಮನೆಯ ಕಾಳುಗಳಿಂದಲೇ ಶುರು ಮಾಡಿ. ಕಡಲೆ, ಅಲಸಂದೆ, ಹೆಸರುಕಾಳು, ಮೆಕ್ಕೆಜೋಳ ಬೆರೆಸಿ ಮೊರದಲ್ಲಿಡಿ. ಹೇಗೆ ಬೇರೆ ಮಾಡಬೇಕೆಂದು ಮಾತ್ರ ಹೇಳಿಕೊಡಬೇಡಿ. ಸಾಮಾನ್ಯವಾಗಿ ಬಣ್ಣ ಅಥವಾ ಗಾತ್ರ ನೋಡಿ ಗುಂಪು ಮಾಡುತ್ತಾರೆ. ಆಗ "ಇದನ್ನು ಯಾಕೆ ಇಲ್ಲಿಟ್ಟೆ ಪುಟ್ಟಾ?" ಅಂತ ಕೇಳಿ. ಕಾರಣ ಹುಡುಕುವುದೇ ಇಲ್ಲಿನ ವಿಜ್ಞಾನ. ಮತ್ತೆ ಬೆರೆಸಿ, "ಈಗ ಬೇರೆ ಥರ ಮಾಡೋಣ್ವಾ?" ಅನ್ನಿ. ಅವೇ ಕಾಳುಗಳನ್ನು ಇನ್ನೊಂದು ರೀತಿಯಲ್ಲೂ ಗುಂಪು ಮಾಡಬಹುದು ಅನ್ನುವುದು ಈ ವಯಸ್ಸಿಗೆ ದೊಡ್ಡ ವಿಷಯ.

ಮಾರನೇ ದಿನ, ರಾತ್ರಿಯಿಡೀ ನೆನೆಸಿದ ಕಾಳು ಕೊಡಿ. ಸಿಪ್ಪೆ ಸುಲಿದು ಒತ್ತಿದರೆ ಕಡಲೆ, ಅಲಸಂದೆ ಎರಡು ಬೇಳೆಯಾಗಿ ಬಿಡಿಸಿಕೊಳ್ಳುತ್ತವೆ. ಮೆಕ್ಕೆಜೋಳ ಎಷ್ಟು ಒತ್ತಿದರೂ ಹಾಗಾಗುವುದಿಲ್ಲ. ಸಸ್ಯಶಾಸ್ತ್ರದ ದ್ವಿದಳ, ಏಕದಳ ವಿಂಗಡಣೆಯ ಮೂಲ ಇದೇ. ಆ ಪದಗಳನ್ನು ಈಗಲೇ ಬಾಯಿಪಾಠ ಮಾಡಿಸಬೇಡಿ. ಪಕ್ಕದಲ್ಲೇ ಕೂತಿರಿ, ಮಕ್ಕಳು ಕಾಳನ್ನು ಮೂಗಿಗೆ ತುರುಕಿಕೊಳ್ಳುವುದುಂಟು.