'ನಿಮ್ಮಪ್ಪಂಗೆ ಹೇಳು, ಊಟಕ್ಕೆ ಬರ್ಲಿ'

ಪ್ರಶ್ನೆ: ನನಗೆ 36 ವರ್ಷ. ಚಿಕ್ಕಂದಿನಲ್ಲಿ ಅಪ್ಪ, ಅಮ್ಮ ಮುನಿಸಿಕೊಂಡರೆ ವಾರಗಟ್ಟಲೆ ಮಾತಿಲ್ಲ. 'ನಿಮ್ಮಪ್ಪಂಗೆ ಹೇಳು, ಊಟಕ್ಕೆ ಬರ್ಲಿ' ಅಂತ ಅಮ್ಮ ನನ್ನನ್ನೇ ಅಟ್ಟುತ್ತಿದ್ದರು. ಈಗ ಗಂಡನ ಮೇಲೆ ಸಿಟ್ಟು ಬಂದರೆ ನಾನೂ ಮಾತು ಬಿಡುತ್ತೇನೆ. ಮೊನ್ನೆ ಏಳು ವರ್ಷದ ಮಗಳು ಅವರನ್ನು ಬಾಗಿಲಲ್ಲೇ ತಡೆದು, 'ಅಮ್ಮಂಗೆ ಸಿಟ್ಟು ಬಂದಿದೆ, ಈಗ ಮಾತಾಡಿಸ್ಬೇಡ' ಎಂದಳು. ಅಮ್ಮನನ್ನು ಕೇಳಿದರೆ 'ನಮ್ಮನೇಲಿ ಜಗಳಾನೇ ಇರ್ಲಿಲ್ವಲ್ಲ' ಎನ್ನುತ್ತಾರೆ. ಅವರು ಒಪ್ಪದೆ ನಾನು ಸರಿಹೋಗುವುದು ಹೇಗೆ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಾಯಿ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಕೂಗಾಡಿದರೆ, ಪಾತ್ರೆ ಎಸೆದರೆ ಮಾತ್ರ ಜಗಳ ಎಂದುಕೊಂಡವರು ಬಹಳ ಮಂದಿ. ಅವರು ಕೊನೆವರೆಗೂ ಒಪ್ಪದಿರಬಹುದು. ಈ ಮಾತು ಅರಗುವುದು ಕಷ್ಟ. ಚಿಕಿತ್ಸೆಗೆ ಬಂದವರು ಹೆಚ್ಚು ಅಳುವುದೂ ಇಲ್ಲಿಯೇ. ಹಾಗಂತ ಆಗಿದ್ದನ್ನು ಸರಿ ಎನ್ನಬೇಕಿಲ್ಲ, ಕ್ಷಮಿಸಲೇಬೇಕೆಂದೂ ಇಲ್ಲ. ಅವರ ಒಪ್ಪಿಗೆಗೆ ಕಾಯುವುದನ್ನು ಬಿಟ್ಟರೆ ಸಾಕು.

ಇಬ್ಬರ ನಡುವಿನ ಬಿಗುವು ತಡೆಯಲಾಗದಾಗ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ 'ತ್ರಿಕೋನ' ಎಂದರು. ಮನೆಯಲ್ಲಿ ಸುಲಭಕ್ಕೆ ಸಿಗುವುದು ಮಗು. ಆಗ ನೀವು, ಈಗ ನಿಮ್ಮ ಮಗಳು. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ನಿಮ್ಮ ಮುಖ ನೋಡಿಯೇ ಕಲಿತಿದ್ದಾಳೆ.

ಕುಟುಂಬ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಮೂರು ತಲೆಮಾರಿನ ನಕ್ಷೆ ಬರೆಸುತ್ತಾರೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕೆಟ್ಟ ಸಂಬಂಧಕ್ಕೆ ಅಂಕುಡೊಂಕು ಗೆರೆ. ಗೆರೆ ಎಳೆಯುವಾಗ ಅಜ್ಜಿಯ ವಿಷಯ ಬಂದೇ ಬರುತ್ತದೆ: ಅವರ ಕಾಲದಲ್ಲಿ ಹೆಂಗಸು ಎದುರು ಮಾತಾಡಿದರೆ ಏನಾಗುತ್ತಿತ್ತು? ಬಾಯಿ ಮುಚ್ಚಿಕೊಂಡಿದ್ದರೆ ಪೆಟ್ಟು ತಪ್ಪುತ್ತಿತ್ತೇನೋ. ನಿಮಗೆ ಆ ಭಯವಿಲ್ಲದಿದ್ದರೂ ಅಭ್ಯಾಸ ಮಾತ್ರ ಉಳಿದಿದೆ. (ಭಯ ಇದ್ದರೆ ದಂಪತಿ ಚಿಕಿತ್ಸೆ ಬೇಡ, ಮೊದಲು ನೀವೊಬ್ಬರೇ ಹೋಗಿ.)

ಮಗಳಿಗೆ ಇವತ್ತೇ ಹೇಳಿ: 'ನಂಗೆ ಸಿಟ್ಟು ಬಂದಿರೋದು ನಿನ್ನಿಂದಲ್ಲ. ಅಪ್ಪನ ಹತ್ರ ನಾನೇ ಮಾತಾಡ್ತೀನಿ.' ಗಂಡನಿಗೆ: 'ಈಗ ಆಗಲ್ಲ, ಊಟ ಆದ್ಮೇಲೆ ಮಾತಾಡೋಣ.' ಆ ಹೊತ್ತಿಗೆ ಕೂತು ಮಾತಾಡಲೇಬೇಕು, ಇಲ್ಲದಿದ್ದರೆ ಇದೂ ಮಾತು ಬಿಟ್ಟ ಹಾಗೆಯೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ವಿಭಾಗವಿದೆ. ಅಷ್ಟು ದೂರ ಈಗಲೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಂಡ ಬಂದರೆ ಒಳ್ಳೆಯದು. ಅಮ್ಮ ಬರಲೇಬೇಕೆಂದಿಲ್ಲ.