ಮಂಜೂರಾದ ಅನುದಾನ, ಕೈಗೆ ಬಾರದ ಹಣ

ಪ್ರಶ್ನೆ: ಬಡ ಕುಟುಂಬಗಳಿಗೆ ದಿನಸಿ, ತುರ್ತು ಬಾಡಿಗೆ ನೆರವು ಹಾಗೂ ಮನೆಯಿಲ್ಲದವರಿಗೆ ರಾತ್ರಿ ತಂಗಲು ಜಾಗ ಒದಗಿಸುವ ಸಣ್ಣ ಸಂಸ್ಥೆಯೊಂದರ ಖಜಾಂಚಿ ನಾನು. ನಗರಾಡಳಿತ ಕೆಲವು ವರ್ಷಗಳಿಂದ ನಮಗೆ ಅನುದಾನ ನೀಡುತ್ತಿದೆ. ಆದರೆ ನಾವು ಮೊದಲು ಖರ್ಚು ಮಾಡಿ ಬಿಲ್ಲು ಸಲ್ಲಿಸಬೇಕು. ಹಣ ಬರುವುದು ನಾಲ್ಕು ತಿಂಗಳ ನಂತರ. ಕಚೇರಿ ವೆಚ್ಚಕ್ಕೆ ಅದರಲ್ಲಿ ಬಿಡಿಗಾಸೂ ಇಲ್ಲ. ಮುಂದಿನ ವರ್ಷ ಅನುದಾನವನ್ನು ಇಮ್ಮಡಿ ಮಾಡುವುದಾಗಿ ಈಗ ತಿಳಿಸಿದ್ದಾರೆ. ಆಡಳಿತ ಮಂಡಳಿಯವರಿಗೆಲ್ಲ ಸಂತೋಷವಾಗಿದೆ, ನನಗೆ ಮಾತ್ರ ಭಯ. ನನ್ನ ಭಯ ಸರಿಯೇ?

ಉತ್ತರ: ಸರಿಯಾಗಿಯೇ ಇದೆ. ಈಗಿನ ಷರತ್ತುಗಳನ್ನು ಹಾಗೆಯೇ ಉಳಿಸಿಕೊಂಡು ಮೊತ್ತವನ್ನಷ್ಟೇ ಹೆಚ್ಚಿಸಿದರೆ ನಿಮ್ಮ ಸಂಕಟವೂ ಅಷ್ಟೇ ಹೆಚ್ಚುತ್ತದೆ. ಖರ್ಚು ಮಾಡಿದ ನಾಲ್ಕು ತಿಂಗಳಿಗೆ ಹಣ ಬರುವುದೆಂದರೆ, ವರ್ಷದ ಅನುದಾನದ ಮೂರನೇ ಒಂದು ಭಾಗ ಸದಾ ನಿಮಗೆ ಬರಬೇಕಾದ ಬಾಕಿಯಾಗಿಯೇ ಇರುತ್ತದೆ ಎಂದರ್ಥ. ಅಷ್ಟು ಹಣವನ್ನು ನೀವು ಬಡ್ಡಿಯಿಲ್ಲದೆ ನಗರಾಡಳಿತಕ್ಕೆ ಸಾಲ ಕೊಟ್ಟಂತೆಯೇ ಸರಿ. ಅನುದಾನ ಇಮ್ಮಡಿಯಾದ ದಿನ ಈ ಸಾಲವೂ ಇಮ್ಮಡಿಯಾಗುತ್ತದೆ, ಆದರೆ ನಿಮ್ಮ ಮೀಸಲು ನಿಧಿ ಇದ್ದಲ್ಲೇ ಇರುತ್ತದೆ. ಸಿಬ್ಬಂದಿಯ ಸಂಬಳ, ಕಟ್ಟಡದ ಬಾಡಿಗೆ, ದಿನಸಿ ಪೂರೈಸುವವರ ಬಾಕಿ ಇವು ಯಾವುವೂ ನಾಲ್ಕು ತಿಂಗಳು ಕಾಯುವಂಥವಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆಯಲ್ಲ, ಸಭೆಯಲ್ಲಿ ಮಂಜೂರಾದ ಹಣಕ್ಕೂ ಬ್ಯಾಂಕ್ ಖಾತೆಗೆ ಬಂದ ಹಣಕ್ಕೂ ಅಷ್ಟೇ ಅಂತರವಿದೆ.

ಕಚೇರಿ ವೆಚ್ಚದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಕೊಟ್ಟ ಹಣವೆಲ್ಲ ನೇರವಾಗಿ ಬಡವರಿಗೇ ತಲುಪಬೇಕು ಎಂಬ ಬಯಕೆ ಕೇಳಲು ಚೆನ್ನಾಗಿದೆ. ಆದರೆ ಬಿಲ್ಲುಗಳನ್ನು ಜೋಡಿಸುವವರು, ನೆರವು ಕೇಳಿ ಬಂದವರ ವಿವರ ಬರೆದಿಡುವವರು, ಲೆಕ್ಕಪರಿಶೋಧಕರು ಇವರೆಲ್ಲ ನಗರಾಡಳಿತದ ಷರತ್ತಿನಿಂದಲೇ ಬೇಕಾದವರು. ಷರತ್ತು ವಿಧಿಸಿದವರೇ ಅದರ ವೆಚ್ಚವನ್ನು ಭರಿಸುವುದಿಲ್ಲ ಎನ್ನುವುದು ನ್ಯಾಯವಲ್ಲ. ಅಮೆರಿಕದ ಒಕ್ಕೂಟ ಸರ್ಕಾರ ಈ ಮಾತನ್ನು ಒಪ್ಪಿಕೊಂಡಿದೆ. ಅಲ್ಲಿನ ಅನುದಾನ ನಿಯಮಗಳ ಪ್ರಕಾರ, ಸರ್ಕಾರದೊಡನೆ ಪ್ರತ್ಯೇಕ ದರವನ್ನು ಚರ್ಚಿಸಿ ಪಡೆಯದ ಸಂಸ್ಥೆಯೂ ಯೋಜನೆಯ ನೇರ ವೆಚ್ಚದ ಮೇಲೆ ನಿಗದಿತ ಪ್ರಮಾಣದ ಪರೋಕ್ಷ ವೆಚ್ಚವನ್ನು, ಅಂದರೆ ಕಚೇರಿ ವೆಚ್ಚದಂಥದ್ದನ್ನು, ಸೇರಿಸಿಕೊಳ್ಳಬಹುದು. ಮೊದಲು ಶೇ 10ರಷ್ಟಿದ್ದ ಈ ಮಿತಿ 2024ರ ಅಕ್ಟೋಬರ್‌ನಿಂದ ಶೇ 15ಕ್ಕೆ ಏರಿತು. ನಿಮ್ಮ ನಗರಕ್ಕೆ ಆ ನಿಯಮ ಅನ್ವಯಿಸದಿರಬಹುದು, ಆದರೆ ಮಾತುಕತೆಯಲ್ಲಿ ಇದನ್ನು ಉದಾಹರಣೆಯಾಗಿ ಮುಂದಿಡಲು ಅಡ್ಡಿಯಿಲ್ಲ.

ಕಚೇರಿ ವೆಚ್ಚವನ್ನೂ ನಾಲ್ಕು ತಿಂಗಳ ಬಾಕಿಯನ್ನೂ ಇಷ್ಟು ದಿನ ತುಂಬಿಸಿಕೊಂಡು ಬಂದದ್ದು ಯಾವ ಹಣ? ದಾನಿಗಳು ಯಾವ ಷರತ್ತೂ ಇಲ್ಲದೆ ಕೊಟ್ಟ ದೇಣಿಗೆ ತಾನೇ? ನಿಮ್ಮ ಮಂಡಳಿಯವರು ಗಮನಿಸಬೇಕಾದದ್ದು ಇದನ್ನೇ. ಅಮೆರಿಕದ ದತ್ತಿ ಸಂಸ್ಥೆಗಳ ಲೆಕ್ಕಪತ್ರಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಜೇಮ್ಸ್ ಆಂಡ್ರಿಯೋನಿ ಮತ್ತು ಅಬಿಗೇಲ್ ಪೇನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರ್ಕಾರಿ ಅನುದಾನ ಬಂದಾಗ ಅದರ ಸುಮಾರು ಮುಕ್ಕಾಲು ಭಾಗದಷ್ಟು ಖಾಸಗಿ ದೇಣಿಗೆ ಕುಸಿಯುತ್ತದೆ. ದಾನಿಗಳ ಮನಸ್ಸು ಬದಲಾಗುವುದು ಇದಕ್ಕೆ ಮುಖ್ಯ ಕಾರಣವಲ್ಲ. ಅನುದಾನ ಸಿಕ್ಕ ಸಂಸ್ಥೆಯೇ ದೇಣಿಗೆ ಕೇಳುವ ಪ್ರಯತ್ನವನ್ನು ಸಡಿಲಿಸುತ್ತದೆ. ಹೀಗಾಗಿ ಅನುದಾನ ದೊಡ್ಡದಾದ ವರ್ಷವೇ ದೇಣಿಗೆ ಸಂಗ್ರಹಕ್ಕೆ ಹೆಚ್ಚು ಶ್ರಮ ಹಾಕಬೇಕು ಎಂದು ಮಂಡಳಿಯಿಂದ ಠರಾವು ಮಾಡಿಸಿಕೊಳ್ಳಿ.

ನಗರಾಡಳಿತದೊಡನೆ ಮಾತನಾಡುವಾಗ ಮೊತ್ತಕ್ಕಿಂತ ಮೊದಲು ಕಂತುಗಳ ವಿಚಾರವನ್ನು ಎತ್ತಿ. ಒಪ್ಪಂದಕ್ಕೆ ಸಹಿ ಬಿದ್ದೊಡನೆ ವರ್ಷದ ಮೊತ್ತದ ಕಾಲು ಭಾಗ ಮುಂಗಡವಾಗಿ ಬರಬೇಕು. ಮುಂದಿನ ಕಂತುಗಳು ಹಿಂದಿನ ಕಂತಿನ ಹಣಬಳಕೆ ಪ್ರಮಾಣಪತ್ರ ಸಲ್ಲಿಸಿದ ಇಂತಿಷ್ಟು ದಿನಗಳೊಳಗೆ ಬಿಡುಗಡೆಯಾಗಬೇಕು. ಆ ದಿನಗಳ ಸಂಖ್ಯೆ ಒಪ್ಪಂದದಲ್ಲಿಯೇ ನಮೂದಾಗಿರಬೇಕು. ಮುಂಗಡ ಕೊಡಲು ತಮ್ಮ ಲೆಕ್ಕಪತ್ರ ನಿಯಮ ಒಪ್ಪುವುದಿಲ್ಲ ಎಂದು ಅಧಿಕಾರಿಗಳು ಹೇಳಿದರೆ, ಕನಿಷ್ಠ ತಿಂಗಳಿಗೊಮ್ಮೆ ಬಿಲ್ಲು ಸ್ವೀಕರಿಸಲಿ ಎಂದು ಕೇಳಿ. ಕೆಲವು ನಗರಗಳು ಒಂದು ರಾತ್ರಿಗೆ ಒಂದು ಹಾಸಿಗೆಗೆ ಇಷ್ಟು ಎಂಬ ದರದಲ್ಲಿ ಹಣ ಕೊಡುತ್ತವೆ. ಆ ಕ್ರಮ ಸರಳವಾಗಿ ಕಾಣುತ್ತದೆ, ಆದರೆ ಯಾರೂ ಮಲಗದ ಹಾಸಿಗೆಗೂ ಕಾವಲುಗಾರ, ದೀಪ, ಬಾಡಿಗೆಗಳ ವೆಚ್ಚ ಇದ್ದೇ ಇರುವುದರಿಂದ, ಭರ್ತಿಯಾದ ಹಾಸಿಗೆಗಷ್ಟೇ ಹಣ ಎಂಬ ಷರತ್ತಿಗೆ ಒಪ್ಪಬೇಡಿ. ಇದ್ಯಾವುದಕ್ಕೂ ಅವರು ಸಿದ್ಧರಿಲ್ಲದಿದ್ದರೆ ಹಳೆಯ ಮೊತ್ತವನ್ನೇ ಉಳಿಸಿಕೊಳ್ಳುವುದು ಲೇಸು. ಹೆಚ್ಚುವರಿ ಅನುದಾನ ಬೇಡವೆಂದು ಹೇಳುವುದು ಮಂಡಳಿಗೆ ಮುಜುಗರವೆನಿಸಬಹುದು, ಆದರೆ ನಡುವರ್ಷದಲ್ಲಿ ತಂಗುದಾಣದ ಬಾಗಿಲು ಮುಚ್ಚುವ ಮುಜುಗರ ಅದಕ್ಕಿಂತ ದೊಡ್ಡದು.

ಪ್ರಶ್ನೆ: ಬಡವರ ನೆರವು ನಗರಾಡಳಿತದ ಹೊಣೆಯೆಂದಾದರೆ ಅದು ತಾನೇ ಮಾಡಲಿ, ತೆರಿಗೆ ಹಣವನ್ನು ಖಾಸಗಿ ಸಂಸ್ಥೆಗೆ ಕೊಡುವುದೇಕೆ?

ಉತ್ತರ: ಈ ವಾದಕ್ಕೆ ಐನೂರು ವರ್ಷಗಳ ವಯಸ್ಸಾಗಿದೆ. 1525ರಲ್ಲಿ ಫ್ಲಾಂಡರ್ಸ್ ಸೀಮೆಯ (ಇಂದಿನ ಬೆಲ್ಜಿಯಂ) ಈಪ್ರ್ ನಗರ ಚದುರಿಹೋಗಿದ್ದ ದಾನದ ಹಣವನ್ನೆಲ್ಲ ಒಂದೇ ನಿಧಿಗೆ ತಂದು, ಹಂಚುವ ಅಧಿಕಾರವನ್ನು ನಗರದ ಕೈಗೇ ಕೊಟ್ಟಿತು. ಭಿಕ್ಷೆಯನ್ನೇ ನಂಬಿದ್ದ ಸನ್ಯಾಸಿ ಸಂಘಗಳು ಅದನ್ನು ಪ್ರತಿಭಟಿಸಿದವು. ಜರ್ಮನಿಯ ಎಲ್ಬರ್‌ಫೆಲ್ಡ್ ನಗರ 1853ರಲ್ಲಿ ಎರಡನ್ನೂ ಬೆಸೆಯಿತು: ಹಣ ನಗರದ್ದು, ಮನೆ ಮನೆಗೆ ಹೋಗಿ ಕಷ್ಟ ಅರಿಯುವವರು ಸಂಬಳವಿಲ್ಲದ ನಾಗರಿಕರು, ಒಬ್ಬೊಬ್ಬರಿಗೂ ಹೆಚ್ಚೆಂದರೆ ನಾಲ್ಕು ಕುಟುಂಬಗಳ ಹೊಣೆ. ಕಡತದಲ್ಲಿ ಕಾಣದ ಕಷ್ಟ ಎದುರು ಕುಳಿತು ಮಾತನಾಡಿದಾಗ ಕಾಣುತ್ತದೆ ಎಂಬುದೇ ಅದರ ಬಲವಾಗಿತ್ತು.

ಹಾಗೆಂದು ನಿಮ್ಮ ಆಕ್ಷೇಪವನ್ನು ತಳ್ಳಿಹಾಕಲಾಗದು. ದತ್ತಿ ಸಂಸ್ಥೆಗಳ ಮಿತಿಗಳನ್ನು 1987ರಲ್ಲಿ ವಿವರಿಸಿದ ಅಮೆರಿಕದ ವಿದ್ವಾಂಸ ಲೆಸ್ಟರ್ ಸ್ಯಾಲಮನ್ ಅವುಗಳಲ್ಲಿ ಹಣದ ಕೊರತೆಯ ಜೊತೆಗೆ, ತಮಗೆ ಬೇಕಾದ ಗುಂಪಿಗೆ ಮಾತ್ರ ನೆರವಾಗುವ ಒಲವನ್ನೂ ಎಣಿಸಿದ್ದರು. ನಗರದ ಹಣ ಮೊದಲ ದೋಷವನ್ನಷ್ಟೇ ಸರಿಪಡಿಸುತ್ತದೆ. ಎರಡನೆಯದಕ್ಕೆ ಷರತ್ತುಗಳು ಬೇಕು: ಯಾರಿಗೂ ಭೇದ ಮಾಡದಿರುವುದು, ನೆರವು ನಿರಾಕರಿಸಿದರೆ ಕಾರಣವನ್ನು ಬರೆದು ಕೊಡುವುದು, ನಿರಾಕರಿಸಲ್ಪಟ್ಟವರು ನಗರಾಡಳಿತಕ್ಕೇ ದೂರು ಸಲ್ಲಿಸುವ ಅವಕಾಶ. ನನ್ನ ಅಭಿಪ್ರಾಯದಲ್ಲಿ, ಪಿಂಚಣಿಯಂತೆ ಹಕ್ಕಾಗಿ ಸಲ್ಲಬೇಕಾದದ್ದನ್ನು ಸರ್ಕಾರಿ ಕಚೇರಿಯೇ ಕೊಡಬೇಕು. ವ್ಯಕ್ತಿಯ ಪರಿಸ್ಥಿತಿಯನ್ನು ಅರಿತು ನಿರ್ಧರಿಸಬೇಕಾದ ನೆರವನ್ನು ಸಂಸ್ಥೆಗೆ ವಹಿಸಬಹುದು.

ಪ್ರಶ್ನೆ: ಅನುದಾನ ಪಡೆಯುವ ಸಂಸ್ಥೆಯ ಟ್ರಸ್ಟಿಯೊಬ್ಬರು ನಗರಾಡಳಿತದ ಸದಸ್ಯರೂ ಹೌದು. ಇದು ತಪ್ಪಲ್ಲವೇ?

ಉತ್ತರ: ಅವರು ಎರಡೂ ಕಡೆ ಇರುವುದು ಎಲ್ಲೆಡೆಯೂ ತಪ್ಪೆನಿಸುವುದಿಲ್ಲ, ಮೊದಲು ನಿಮ್ಮ ನಗರದ ನಿಯಮವನ್ನು ನೋಡಿ. ನಿಯಮ ಏನೇ ಇರಲಿ, ಅವರು ತಮ್ಮ ಸಂಬಂಧವನ್ನು ಲಿಖಿತವಾಗಿ ಘೋಷಿಸಬೇಕು, ಅನುದಾನದ ಚರ್ಚೆ ಆರಂಭವಾಗುವ ಮೊದಲೇ ಸಭೆಯಿಂದ ಹೊರಗೆ ಹೋಗಬೇಕು, ಮತ ಹಾಕಬಾರದು, ಮತ್ತು ಅವರು ಹೊರಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ಸಭೆಯಲ್ಲಿ ಸುಮ್ಮನಿದ್ದು, ಅದರ ಹಿಂದಿನ ದಿನ ಅಧಿಕಾರಿಗಳಿಗೆ ಫೋನ್ ಮಾಡಿ ಶಿಫಾರಸು ಮಾಡುವುದೂ ಮತ ಹಾಕಿದಂತೆಯೇ.