ಮನೆಯಲ್ಲೇ ಕಲಿಸಲು ಶುರು ಮಾಡುವವರಿಗೆ

ಅಕ್ಕಾ, 6 ವರ್ಷದ ಮಗನಿಗೆ ಮನೆಯಲ್ಲೇ ಪಾಠ, ಜೊತೆಗೆ ಬೈಬಲ್ ಕಲಿಸಬೇಕು, ಆದರೆ ಮುಂದೆ ಸರ್ಟಿಫಿಕೇಟಿಗೆ ಏನು ಮಾಡುವುದು ಅಂತ ಕೇಳಿದ್ದೀರಿ. ಹೆದರಬೇಡಿ. 14 ವರ್ಷ ತುಂಬಿದ ಮೇಲೆ ಎನ್‌ಐಒಎಸ್ ಎಂಬ ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿಯ ಮೂಲಕ 10ನೇ ತರಗತಿ ಪರೀಕ್ಷೆ ಬರೆಯಬಹುದು. ಈಗಲೇ ರಾಶಿ ಪುಸ್ತಕ ತಂದು ಸುಮ್ನೆ ದುಡ್ಡು ಖರ್ಚು ಮಾಡಬೇಡಿ.

ಉಡುಪಿಯಲ್ಲಿ ನಾವು ಶುರು ಮಾಡಿದ್ದು ಬೆಳಗ್ಗಿನ ಪ್ರಾರ್ಥನೆ ಮುಗಿಸಿ, ಅಡುಗೆಮನೆಯ ಮೇಜಿನಲ್ಲಿ, ಬರೀ ಎರಡು ಗಂಟೆ. ಬೈಬಲಿನ 23ನೇ ಕೀರ್ತನೆಯಲ್ಲಿರುವುದು ಆರೇ ವಚನ. ದಿನಕ್ಕೊಂದು ನೋಡಿ ಬರೆಯುತ್ತಲೇ ಮಗಳಿಗೆ ಒತ್ತಕ್ಷರ ಬಂತು. ಲೆಕ್ಕಕ್ಕೆ ಮಲ್ಪೆಯ ಮೀನು ಸಾಕು: ಅರ್ಧ ಕಿಲೋ ಬಂಗುಡೆಗೆ ಎಷ್ಟು, ಚಿಲ್ಲರೆ ಎಷ್ಟು ವಾಪಸ್ ಬರಬೇಕು, ಅವಳೇ ಹೇಳಬೇಕು.

ಬೇರೆ ಮಕ್ಕಳ ಒಡನಾಟ ಮಾತ್ರ ತಪ್ಪಿಸಬೇಡಿ. ಸಂಡೇ ಸ್ಕೂಲ್ ಒಂದೇ ಸಾಲದು, ಸಂಜೆ ನೆರೆಮನೆ ಮಕ್ಕಳ ಜೊತೆ ಆಡಲು ಬಿಡಿ.